ಎಲ್ಲರೂ ಪಾಸಾದ ಊರಿನ ಡಾಕ್ಟ್ರು

ಜಬೀನ್ ಡಾಕ್ಟ್ರು ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಹೋಗುತ್ತಿದ್ದರು. ತೂಕಡಿಕೆ ಅಲ್ಲ, ಗಡದ್ದಾದ ನಿದ್ದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ ಆದ ಮೇಲೆ ಆಧಾರ್ ಕಾರ್ಡು ತೋರಿಸಬೇಕಲ್ಲ, ಅದನ್ನು ನನ್ನ ಕಡೆಗೆ ಚಾಚಿಕೊಂಡೇ ಕಣ್ಣು ಮುಚ್ಚಿಬಿಡುತ್ತಿದ್ದರು. ನಾನು ಅವರ ಸೀಟಿನ ಹತ್ತಿರ ಹೋಗುವಷ್ಟರಲ್ಲಿ ತಲೆ ಕಿಟಕಿಗೆ ಒರಗಿರುತ್ತಿತ್ತು, ಬಾಯಿ ಅರ್ಧ ತೆರೆದಿರುತ್ತಿತ್ತು, ಕೈ ಮಾತ್ರ ಹಾಗೇ ಚಾಚಿರುತ್ತಿತ್ತು. ಟಿಕೆಟ್ ಹರಿದು ಬೆರಳ ಸಂದಿಗೆ ಸಿಕ್ಕಿಸಿ ಮುಂದೆ ಹೋಗುತ್ತಿದ್ದೆ. ಹೊಸಬರು ಯಾರಾದರೂ ನೋಡಿದರೆ, ಪಾಪ ಯಾರೋ ಕಾಯಿಲೆಯವರು, ಆಸ್ಪತ್ರೆಗೆ ಹೋಗುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಆಸ್ಪತ್ರೆಗೇ ಹೋಗುತ್ತಿದ್ದರು ಅನ್ನುವುದು ನಿಜ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕಡೂರಿನಿಂದ ಬೀರೂರು ಹಾದು ತರೀಕೆರೆ, ಅಲ್ಲಿಂದ ಅಜ್ಜಂಪುರ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ರೂಟು ಬದಲಾಗುತ್ತಿರುತ್ತದೆ, ಆದರೆ ಡಾಕ್ಟ್ರು ನನಗೆ ಸಿಕ್ಕಿದ್ದ ಕಾಲದಲ್ಲಿ ಹೆಚ್ಚುಕಡಿಮೆ ಇದೇ ರೂಟು ನನ್ನ ಪಾಲಿಗೆ ಬಿದ್ದಿತ್ತು. ಅವರ ಆಸ್ಪತ್ರೆ ತರೀಕೆರೆ ದಾಟಿ ಅಜ್ಜಂಪುರದ ದಾರಿಯಲ್ಲಿ ಸಿಗುವ ಒಂದು ಹಳ್ಳಿಯಲ್ಲಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರ ಅಂತ ದೊಡ್ಡ ಬೋರ್ಡು, ಅದರ ಹಿಂದೆ ಚಿಕ್ಕ ಕಟ್ಟಡ. ಊರಿನ ಹೆಸರು ಬೇಡ, ಅಲ್ಲಿನವರು ಕೆಟ್ಟವರಲ್ಲ.

ಡಾಕ್ಟ್ರೆಂದರೆ ಕಾರು ಇರಬೇಕಲ್ಲವೇ? ಇವರಿಗೆ ಕಾರು ಹತ್ತಿದರೆ ವಾಂತಿ. ಒಮ್ಮೆ ಮೇಲಿನ ಅಧಿಕಾರಿಯೊಬ್ಬರು ಪ್ರೀತಿಯಿಂದ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಹೊರಟು, ಬೀರೂರು ಬರುವಷ್ಟರಲ್ಲಿ ಪಶ್ಚಾತ್ತಾಪ ಪಟ್ಟರಂತೆ. "ಬಸ್ಸಲ್ಲಿ ಮಾತ್ರ ಏನೂ ಆಗಲ್ಲ ಗಿರಿಜಕ್ಕ, ನಿದ್ದೆ ಬತ್ತದೆ ಅಷ್ಟೇ" ಎಂದು ಡಾಕ್ಟ್ರು ನನಗೆ ಹೇಳುತ್ತಿದ್ದರು. ಕಡೂರು ಪೇಟೆಯಲ್ಲಿ ಅವರ ತಂದೆಗೆ ಹಾಸಿಗೆ ದಿಂಬು ಹೊಲಿಯುವ ಅಂಗಡಿ ಇತ್ತು, ಅಜ್ಜನ ಕಾಲದ್ದು. "ಹಾಸಿಗೆ ಅಂಗಡೀಲಿ ಹುಟ್ಟಿದೋಳು, ನಿದ್ದೆ ನಮ್ಮ ಮನೆತನದ ಕಸುಬು ಕಣ್ರೀ" ಎಂದು ತಾವೇ ನಗುತ್ತಿದ್ದರು. ಅಮ್ಮನ ಜೊತೆ ಫೋನಿನಲ್ಲಿ ದಖನಿ ಉರ್ದುವಿನಲ್ಲಿ ಜಗಳ ಆಡುತ್ತಿದ್ದರು, ನನ್ನ ಜೊತೆ ಅಪ್ಪಟ ಕಡೂರಿನ ಕನ್ನಡದಲ್ಲಿ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವರಿರಬೇಕು. ನಾನು ಮೇಡಂ ಎನ್ನುತ್ತಿದ್ದೆ, ಅವರು ಅಕ್ಕ ಎನ್ನುತ್ತಿದ್ದರು.

ಕಂಡಕ್ಟರ್ ಕೆಲಸದಲ್ಲಿ ನನ್ನ ಬಾಯಿ ಜೋರಾಗಿದೆ. ಮನೆಯಲ್ಲೂ ಹಾಗೇ ಅಂತ ನಮ್ಮ ಯಜಮಾನರು ದೂರುತ್ತಾರೆ. ಡಾಕ್ಟ್ರಿಗೆ ನನ್ನ ಬಾಯಿ ಇಷ್ಟವಾಗಿತ್ತು. ಸಾಯಂಕಾಲ ವಾಪಸ್ಸು ಬರುವಾಗ ಬೀರೂರು ದಾಟಿದ ಮೇಲೆ ಅವರಿಗೆ ಎಚ್ಚರವಾಗುತ್ತಿತ್ತು. ಅಲ್ಲಿಂದ ಕಡೂರಿನವರೆಗೆ ಮಾತು. ಅವರ ಮಾತೆಲ್ಲ ಸುತ್ತಿ ಬಳಸಿ ಬಂದು ನಿಲ್ಲುತ್ತಿದ್ದದ್ದು ಒಂದೇ ವಿಷಯಕ್ಕೆ, ಹರೆಯದ ಮಕ್ಕಳ ಮನಸ್ಸಿಗೆ.

ಆಗ ಆಸ್ಪತ್ರೆಗೆ ಹೊಸದಾಗಿ ಒಂದು ಕಾರ್ಯಕ್ರಮ ಬಂದಿತ್ತು. ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು ಜ್ವರಕ್ಕೋ ಹೊಟ್ಟೆನೋವಿಗೋ ಬಂದರೆ ಡಾಕ್ಟ್ರು ನಿದ್ದೆ, ಊಟ, ಮನಸ್ಸಿನ ಬಗ್ಗೆ ಒಂದಿಷ್ಟು ಕೇಳಬೇಕು. ಯಾರಾದರೂ ಒಳಗೊಳಗೇ ಕುಗ್ಗುತ್ತಿದ್ದಾರೆ ಅನಿಸಿದರೆ ಕೂರಿಸಿಕೊಂಡು ಮಾತಾಡಿ, ಫೋನಿನಲ್ಲಿ ನೋಡುವ ಪಾಠಗಳಿಗೆ ಸೇರಿಸಬೇಕು. ವಾರಕ್ಕೊಂದು ಪಾಠ. ಖಿನ್ನತೆ ಅನ್ನುವ ಕಾಯಿಲೆ ಪೂರ್ತಿ ಹಿಡಿಯುವ ಮೊದಲೇ ತಡೆಯುವುದು ಅದರ ಉದ್ದೇಶ. ಪಾಠ ಮುಗಿದ ಮೇಲೆ ಕೆಲವು ಪ್ರಶ್ನೆ ಬರುತ್ತವೆ, ಈ ವಾರ ಹೇಗಿದ್ದೆ ಅಂತ. ಮಕ್ಕಳು ಒತ್ತುವ ಉತ್ತರ ಡಾಕ್ಟ್ರಿಗೂ ಕಾಣುತ್ತದೆ, ಮೇಲಿನವರಿಗೂ ಕಾಣುತ್ತದೆ.

"ಕಾಯಿಲೆ ಬಂದ್ಮೇಲೆ ಎಲ್ರೂ ಬತ್ತಾರೆ ಅಕ್ಕ. ಬರೋಕ್ ಮುಂಚೆ ಬನ್ನಿ ಅಂದ್ರೆ, ಈ ಡಾಕ್ಟ್ರಿಗೇ ಏನೋ ಆಗಿದೆ ಅಂತಾರೆ" ಎನ್ನುತ್ತಿದ್ದರು. ಪಾಠದಲ್ಲಿದ್ದ ಕನ್ನಡ ಬೇರೆ ಸರ್ಕಾರಿ ಸುತ್ತೋಲೆಯ ಹಾಗಿತ್ತು. "ನಿಮ್ಮ ನಕಾರಾತ್ಮಕ ಆಲೋಚನೆಗಳನ್ನು ಗುರುತಿಸಿರಿ" ಅಂತ ಒಂದು ಹೆಂಗಸಿನ ದನಿ ಹೇಳುತ್ತಿತ್ತು. ಡಾಕ್ಟ್ರು ಅದನ್ನು ನಿಲ್ಲಿಸಿ ಮಕ್ಕಳಿಗೆ ಬಿಡಿಸಿ ಹೇಳುತ್ತಿದ್ದರು: "ಏನಿಲ್ಲ ಕಣೋ. ನಾನು ಯಾವುದಕ್ಕೂ ಲಾಯಕ್ಕಿಲ್ಲ ಅಂತ ತಲೇಲಿ ಒಬ್ಬ ಕೂತ್ಕೊಂಡು ಹೇಳ್ತಾ ಇರ್ತಾನಲ್ಲ, ಅವ್ನು ಯಾವಾಗ ಶುರು ಹಚ್ಕೋತಾನೆ ಅಂತ ನೋಡ್ಕೋ. ಓಡಿಸ್ಬೇಡ. ಬಂದಾ ಅಂತ ಗೊತ್ತು ಮಾಡ್ಕೋ ಸಾಕು."

ಇದನ್ನೆಲ್ಲ ಬೇರೆಯವರ ಮಕ್ಕಳ ಕಥೆ ಅಂತ ಕೇಳುತ್ತಿದ್ದೆ. ಆಮೇಲೆ ನನ್ನ ಮಗನ ಕಥೆಯಾಯಿತು.

ಶಶಿ ನಮಗೊಬ್ಬನೇ ಮಗ. ತರೀಕೆರೆಯ ಕಾಲೇಜಿನಲ್ಲಿ ಸೈನ್ಸಿಗೆ ಸೇರಿದ್ದ, ಕಡೂರಿನಿಂದ ನನ್ನ ಬಸ್ಸಿನಲ್ಲೇ ಹೋಗಿ ಬರುತ್ತಿದ್ದ. ಅಮ್ಮ ಕಂಡಕ್ಟರ್ ಅಂತ ಮೊದಮೊದಲು ನಾಚಿಕೆ. ಗುರುತೇ ಇಲ್ಲದವನ ಹಾಗೆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ. ನಾನು ಬಿಡುತ್ತೇನೆಯೇ, "ಏನಪ್ಪಾ, ಪಾಸ್ ತೋರ್ಸು" ಅಂತ ಬೇಕೆಂದೇ ಗದರುತ್ತಿದ್ದೆ. ಅವನ ಸ್ನೇಹಿತರು ನಗುತ್ತಿದ್ದರು, ಕೊನೆಗೆ ಅವನೂ ನಗುತ್ತಿದ್ದ. ಮೊದಲ ವರ್ಷದ ಪಿಯುಸಿ ಮುಗಿಯುವ ಹೊತ್ತಿಗೆ ಆ ನಗು ನಿಂತಿತು. ಪಾಸ್ ಕೇಳಿದರೆ ಸುಮ್ಮನೆ ತೋರಿಸುತ್ತಿದ್ದ. ಸ್ನೇಹಿತರು ಒಂದು ಕಡೆ, ಇವನೊಂದು ಕಡೆ. ಮನೆಯಲ್ಲಿ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ತಲೆನೋವು ಅನ್ನುತ್ತಿದ್ದ. "ವಯಸ್ಸು ಕಣೇ, ಸರಿಹೋಗ್ತಾನೆ" ಎಂದರು ಯಜಮಾನರು. ಯಾರದೋ ದೃಷ್ಟಿ ತಗುಲಿರಬೇಕು ಅಂತ ನಾನು ಮಠಕ್ಕೆ ಕರೆದುಕೊಂಡು ಹೋಗಿ ದಾರ ಕಟ್ಟಿಸಿಕೊಂಡು ಬಂದೆ.

ನನಗೆ ರಜೆಯಿದ್ದ ಒಂದು ದಿನ ಅವನನ್ನು ಡಾಕ್ಟ್ರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕೈಯಲ್ಲಿದ್ದ ದಾರ ಅವರ ಕಣ್ಣಿಗೆ ಬಿತ್ತು. ಬಯ್ಯುತ್ತಾರೇನೋ ಅಂದುಕೊಂಡೆ. "ಇರ್ಲಿ ಬಿಡಿ, ನಮ್ಮನೇಲೂ ಅಮ್ಮ ತಾಯಿತ ಕಟ್ತಾರೆ. ಅದಕ್ಕೂ ನನ್ನ ಪಾಠಕ್ಕೂ ಜಗಳ ಏನಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕ, ನೀವು ಹೊರಗೆ ಕೂತ್ಕೊಳ್ಳಿ. ನಿಮ್ಮ ಬಾಯಿಗೆ ಹೆದರ್ಕೊಂಡು ಅವ್ನು ನಿಜ ಹೇಳಲ್ಲ" ಎಂದರು. ಸಿಟ್ಟು ಬಂತು, ಎದ್ದು ಬಂದೆ. ಒಳಗೆ ಬಹಳ ಹೊತ್ತು ಮಾತಾಡಿದರು. ಹೊರಗೆ ಚುಚ್ಚುಮದ್ದಿಗೆ ಬಂದ ಕೂಸುಗಳೆಲ್ಲ ಅಳುತ್ತಿದ್ದವು. ಅಳುವ ಮಕ್ಕಳನ್ನು ನೋಡಿದರೆ ನನಗೆ ಆವತ್ತು ಹೊಟ್ಟೆಕಿಚ್ಚಾಯಿತು. ಬೇಕಾದದ್ದು ಬೇಡದ್ದು ಎಲ್ಲವನ್ನೂ ಅವು ಗಂಟಲು ಹರಿಯುವ ಹಾಗೆ ಹೇಳಿಬಿಡುತ್ತವೆ.

ಡಾಕ್ಟ್ರು ಬಂದು ಪಕ್ಕದಲ್ಲಿ ಕೂತರು. "ಕಾಯಿಲೆ ಅನ್ನೋಕಾಗಲ್ಲ, ಇಲ್ಲ ಅನ್ನೋಕೂ ಆಗಲ್ಲ. ಅಂಚಲ್ಲಿ ನಿಂತಿದಾನೆ. ಈ ಪಾಠ ಮಾಡಿರೋದೇ ಇಂಥ ಮಕ್ಕಳಿಗೆ. ಸೇರಿಸ್ಲಾ?" ಎಂದರು. ಸೇರಿಸಿ ಎಂದೆ.

ಫೋನಿನದೇ ತಾಪತ್ರಯ. ಓದು ಕೆಡುತ್ತದೆ ಅಂತ ಶಶಿಗೆ ಬೇರೆ ಫೋನು ಕೊಡಿಸಿರಲಿಲ್ಲ. ನನ್ನದು ದಿನವಿಡೀ ನನ್ನ ಜೊತೆ ಬಸ್ಸಿನಲ್ಲಿ ಸುತ್ತುತ್ತಿತ್ತು. ಮನೆಯಲ್ಲಿ ಅಪ್ಪನ ಎದುರು ಆ ಪಾಠ ನೋಡಲು ಅವನಿಗೆ ಮನಸ್ಸಿರಲಿಲ್ಲ. ಅದಕ್ಕೆ ಡಾಕ್ಟ್ರು ಒಂದು ದಾರಿ ಹುಡುಕಿದರು. ಶನಿವಾರ ಮಧ್ಯಾಹ್ನ ಅವನ ಕಾಲೇಜು ಬಿಡುತ್ತದೆ, ಅವರ ಆಸ್ಪತ್ರೆಯೂ ಬೇಗ ಮುಗಿಯುತ್ತದೆ. ಅವರು ಹಳ್ಳಿಯಲ್ಲಿ ಹತ್ತಿ ಬರುತ್ತಾರೆ, ತರೀಕೆರೆಯಲ್ಲಿ ಅವನು ಹತ್ತುತ್ತಾನೆ. ಅಲ್ಲಿಂದ ಕಡೂರು ಮುಟ್ಟುವವರೆಗೆ ನನ್ನ ಬಸ್ಸಿನಲ್ಲೇ, ನನ್ನ ಫೋನಿನಲ್ಲೇ ಪಾಠ.

ಶನಿವಾರ ಡಾಕ್ಟ್ರು ನಿದ್ದೆ ಮಾಡುತ್ತಿರಲಿಲ್ಲ. ತರೀಕೆರೆ ಬಸ್‌ಸ್ಟ್ಯಾಂಡಿಗೆ ಮುಂಚೆಯೇ ಮುಖಕ್ಕೆ ಬಾಟಲಿ ನೀರು ಚಿಮುಕಿಸಿಕೊಂಡು, ಕಿಟಕಿ ಪಕ್ಕದ ಸೀಟು ಅವನಿಗೆ ಹಿಡಿದುಕೊಂಡು ಕೂತಿರುತ್ತಿದ್ದರು. ಇಯರ್‌ಫೋನಿನ ಒಂದು ತುದಿ ಅವನ ಕಿವಿಗೆ, ಇನ್ನೊಂದು ಇವರ ಕಿವಿಗೆ. ಏನು ನಡೆಯುತ್ತಿದೆ ಎಂದು ತಿಳಿಯದೆ ನನಗೆ ಜೀವ ತಡೆಯುತ್ತಿರಲಿಲ್ಲ. ಟಿಕೆಟ್ ಕೊಡುವ ನೆಪದಲ್ಲಿ ಆ ಸೀಟಿನ ಹತ್ತಿರ ಸುಳಿದರೆ ಡಾಕ್ಟ್ರು ಫೋನನ್ನು ದುಪಟ್ಟಾದಲ್ಲಿ ಮುಚ್ಚಿ, "ಇಲ್ಲಿ ಟಿಕೆಟ್ ಆಗಿದೆ ಕಂಡಕ್ಟ್ರೇ, ಮುಂದೆ ಹೋಗಿ" ಎನ್ನುತ್ತಿದ್ದರು. ನನ್ನ ಬಸ್ಸಿನಲ್ಲಿ ನನ್ನನ್ನೇ ಮುಂದೆ ಹೋಗಿ ಎಂದವರು ಅವರೊಬ್ಬರೇ.

ಪ್ರಶ್ನೆಗಳಿಗೆ ಉತ್ತರ ಒತ್ತುವಾಗ ಮಾತ್ರ ಡಾಕ್ಟ್ರು ಮುಖ ಆ ಕಡೆ ತಿರುಗಿಸುತ್ತಿದ್ದರು. ಅದು ಅವನಿಗೆ ಹಿಡಿಸಿತ್ತು ಅಂತ ಕಾಣುತ್ತದೆ, ಇದ್ದದ್ದನ್ನು ಇದ್ದ ಹಾಗೆ ಒತ್ತುತ್ತಿದ್ದ. ಒಂದು ಪಾಠದಲ್ಲಿ, ಮನಸ್ಸಿಗೆ ಹಿತವಾದ ಒಂದು ಸಣ್ಣ ಕೆಲಸವನ್ನು ಈ ವಾರ ಮಾಡಿ ಎಂದಿತ್ತಂತೆ. ಮುಂದಿನ ವಾರ ಬಸ್ಸು ಬೀರೂರಿನಲ್ಲಿ ನಿಂತಾಗ ಹಿಂದಿನಿಂದ ದನಿ ಬಂತು. "ಅಮ್ಮ, ಮಂಡಕ್ಕಿ ಕೊಡ್ಸು." ಎಷ್ಟು ದಿನದ ಮೇಲೆ ಅವನು ಬಾಯಿಬಿಟ್ಟು ಏನನ್ನಾದರೂ ಬೇಕು ಎಂದಿದ್ದ! ಇಡೀ ಬಸ್ಸಿನ ಎದುರು ಅಮ್ಮ ಎಂದಿದ್ದ. ನಾನು ಇಳಿದು ಹೋಗಿ ಮಂಡಕ್ಕಿ ಕಟ್ಟಿಸಿಕೊಂಡು ಬಂದೆ. ಡ್ರೈವರ್ರು ಹಾರ್ನ್ ಹೊಡೆಯುತ್ತಲೇ ಇದ್ದರು, ಹೊಡೆಯಲಿ ಎಂದು ಬಿಟ್ಟೆ. ಡಾಕ್ಟ್ರು ಅವನ ಪೊಟ್ಟಣದಿಂದ ಒಂದು ಹಿಡಿ ತೆಗೆದುಕೊಂಡು ನನ್ನ ಕಡೆ ನೋಡದೆ ಅಗಿಯುತ್ತಾ ಕೂತಿದ್ದರು. ಅವರಿಗೆ ಕಣ್ಣಲ್ಲಿ ನೀರು ಬಂದಿತ್ತು. ಖಾರ ಅಂದರು.

ಆ ದಿನಗಳಲ್ಲಿ ನನಗೆ ಧೈರ್ಯ ಬಂದಿತ್ತು.

ಆಸ್ಪತ್ರೆಯ ಊರಿನಲ್ಲಿ ಈ ಪಾಠಕ್ಕೆ ಸೇರಿದ ಮಕ್ಕಳು ಸಾಕಷ್ಟಿದ್ದರು. ಅವರಲ್ಲಿ ಒಂದು ಹುಡುಗಿ ಆಸ್ಪತ್ರೆಗೆ ಬಂದಾಗಲೆಲ್ಲ ಡಾಕ್ಟ್ರ ಎದುರು ಅಳುತ್ತಿತ್ತು, ಪಾಠದ ಪ್ರಶ್ನೆಗೆ ಮಾತ್ರ ನಿದ್ದೆ ಚೆನ್ನಾಗಿದೆ, ಮನಸ್ಸು ಚೆನ್ನಾಗಿದೆ ಅಂತ ಒತ್ತುತ್ತಿತ್ತು. ಡಾಕ್ಟ್ರಿಗೆ ಅನುಮಾನ ಬಂತು. ಮಿಕ್ಕವರ ಉತ್ತರ ನೋಡಿದರೆ ಎಲ್ಲರದೂ ಒಂದೇ. ವಿಚಾರಿಸಿಕೊಂಡು ಆ ಊರಿನ ಟ್ಯೂಷನ್ ಮೇಷ್ಟ್ರ ಮನೆಗೆ ಹೋದರು. ಆವತ್ತು ಸಾಯಂಕಾಲ ಬಸ್ಸಿನಲ್ಲಿ ಅವರು ಅದನ್ನು ನನಗೆ ಹೇಳಿದ್ದು ಹೀಗೆ:

"ಮಕ್ಕಳನ್ನ ಸಾಲಾಗಿ ಕೂರ್ಸಿದಾರೆ ಅಕ್ಕ. ಎಲ್ರ ಕೈಲೂ ಅಪ್ಪಂದೋ ಅಮ್ಮಂದೋ ಫೋನು. ಮೇಷ್ಟ್ರು ನಿಂತ್ಕೊಂಡು, 'ಮೂರನೇ ಪ್ರಶ್ನೆ, ಬೇಜಾರಾಗುತ್ತಾ ಅಂತ ಕೇಳಿದಾನೆ, ಎಲ್ರೂ ಇಲ್ಲ ಅಂತ ಒತ್ತಿ, ಇಲ್ದಿದ್ರೆ ಮಾರ್ಕ್ಸ್ ಹೋಯ್ತದೆ' ಅಂತಿದಾರೆ. ನನ್ನ ನೋಡಿ ಖುಷಿಯಾಗ್ಬಿಟ್ರು. 'ಬನ್ನಿ ಮೇಡಂ, ನಮ್ಮೂರಿಂದ ಒಬ್ರೂ ಫೇಲಾಗ್ದಂಗೆ ನೋಡ್ಕೊಂಡಿದೀನಿ' ಅಂದ್ರು."

ಹೇಳುತ್ತಾ ಡಾಕ್ಟ್ರು ಜೋರಾಗಿ ನಕ್ಕರು. ನಾನೂ ನಕ್ಕೆ. ಪ್ರಶ್ನೆ ಅಂದರೆ ಪರೀಕ್ಷೆ, ಪರೀಕ್ಷೆ ಅಂದರೆ ಪಾಸಾಗಬೇಕು. ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಗೊತ್ತಿರುವುದು ಅಷ್ಟೇ, ಅವರೇ ಮಕ್ಕಳನ್ನು ಮೇಷ್ಟ್ರ ಹತ್ತಿರ ಕಳಿಸಿದ್ದರು. ನಗು ನಿಂತ ಮೇಲೆ ಡಾಕ್ಟ್ರು, "ಆ ಹುಡುಗಿ ಎಲ್ರಿಗಿಂತ ಮುಂದೆ ಕೂತಿತ್ತು ಅಕ್ಕ" ಎಂದರು.

ಮೇಲಿನವರಿಗೆ ಈ ಉತ್ತರಗಳೆಲ್ಲ ತಲುಪುತ್ತಿದ್ದವಲ್ಲ. ಅವರು ಹಿಗ್ಗಿದರು. ಈ ಭಾಗದಲ್ಲಿ ಕಾರ್ಯಕ್ರಮ ಗೆದ್ದಿದೆ, ಇಲ್ಲಿಗೆ ಸಾಕು, ಮಕ್ಕಳ ಸ್ಥಿತಿ ಹದಗೆಟ್ಟಿರುವ ಬೇರೆ ಜಿಲ್ಲೆಗೆ ಒಯ್ಯೋಣ, ಇಷ್ಟು ಚೆನ್ನಾಗಿ ನಡೆಸಿದ ಡಾಕ್ಟ್ರನ್ನೂ ಅಲ್ಲಿಗೇ ಹಾಕೋಣ ಎಂದು ತೀರ್ಮಾನಿಸಿದರು. ಡಾಕ್ಟ್ರು ಹೋಗಿ ಟ್ಯೂಷನ್ ಮೇಷ್ಟ್ರ ಕಥೆ ಹೇಳಿದರು. ಯಾರೂ ನಂಬಲಿಲ್ಲ. ಸ್ವಂತ ಊರು ಬಿಟ್ಟು ಹೋಗಲು ಮನಸ್ಸಿಲ್ಲದೆ ಇಂಥ ಕಥೆ ಕಟ್ಟುತ್ತಿದ್ದಾರೆ ಅಂದರಂತೆ. "ಕೆಟ್ಟದಾಗಿ ಕೆಲ್ಸ ಮಾಡಿದ್ರೆ ಇಲ್ಲೇ ಇರ್ತಿದ್ದೆ ನೋಡಿ" ಎಂದು ನನ್ನೆದುರು ನಗಲು ಹೋದರು. ಆಗಲಿಲ್ಲ.

ಆ ಶನಿವಾರವೂ ಶಶಿ ಎಂದಿನಂತೆ ತರೀಕೆರೆಯಲ್ಲಿ ಹತ್ತಿ ಅವರ ಪಕ್ಕ ಕೂತ. ಫೋನು ತೆರೆದರೆ ಪಾಠದ ಬದಲು ಹೂವಿನ ಚಿತ್ರ ಬಂತು. "ನಿಮ್ಮ ಪ್ರದೇಶದಲ್ಲಿ ಈ ಕಾರ್ಯಕ್ರಮ ಯಶಸ್ವಿಯಾಗಿ ಮುಕ್ತಾಯಗೊಂಡಿದೆ. ಅಭಿನಂದನೆಗಳು." ಪಾಠಗಳು ಅರ್ಧಕ್ಕೆ ನಿಂತಿದ್ದವು. ಟಿಕೆಟ್ ಕೊಡುತ್ತಾ ಹತ್ತಿರದಲ್ಲೇ ಇದ್ದೆ, ಡಾಕ್ಟ್ರು ಈ ಸಲ ಫೋನು ಮುಚ್ಚಲಿಲ್ಲ.

"ಮುಗೀತಾ ಮೇಡಂ? ಹಂಗಾದ್ರೆ ಎಲ್ರೂ ಸರಿಹೋದ್ರಾ?" ಎಂದ ಶಶಿ.

"ಇಲ್ಲ ಕಣೋ. ಯಾರೂ ಸರಿಹೋಗಿಲ್ಲ. ಅವರೆಲ್ಲ ಹೇಳ್ಕೊಟ್ಟಿದ್ದನ್ನ ಒತ್ತಿದ್ದು" ಎಂದು ಡಾಕ್ಟ್ರು ನಡೆದದ್ದನ್ನೆಲ್ಲ ಹೇಳಿದರು.

ಅವನು ಕೇಳಿದ. ಕೇಳಿ ಸ್ವಲ್ಪ ನಕ್ಕ ಹಾಗೆ ಮಾಡಿ, "ನನ್ನ ಸಮಾಧಾನಕ್ಕೆ ಹೇಳ್ತಿದೀರ. ನಾನೊಬ್ನೇ ಸರಿಹೋಗ್ಲಿಲ್ಲ ಅಂತ ಬೇಜಾರಾಗ್ಬಾರ್ದು ಅಂತ" ಎಂದ.

ಡಾಕ್ಟ್ರು ಆಣೆ ಮಾಡಿದರು. ನಾನೂ ಬಾಯಿ ಹಾಕಿದೆ, ನಿಜ ಕಣೋ ಶಶಿ, ನನಗೂ ಹೇಳಿದ್ದರು ಅಂತ. ನಾವು ಹೇಳಿದಷ್ಟೂ ಅವನು ತಲೆ ಅಲ್ಲಾಡಿಸುತ್ತಾ ಹೋದ. ನಿಜವನ್ನೇ ಹೇಳುತ್ತಿದ್ದೆವು, ಆದರೆ ನಮಗೇ ಅದು ಮಗುವಿಗೆ ಹೇಳುವ ಕಟ್ಟುಕಥೆಯ ಹಾಗೆ ಕೇಳಿಸುತ್ತಿತ್ತು. ಒಂದು ಊರಿನ ಮಕ್ಕಳೆಲ್ಲ ಬೇಜಾರಿಲ್ಲ ಅಂತ ಕಂಠಪಾಠ ಮಾಡಿದ್ದರು ಅಂದರೆ ಯಾರು ನಂಬುತ್ತಾರೆ? ಅವನು ಕಿವಿಯಿಂದ ಇಯರ್‌ಫೋನ್ ತೆಗೆದು ನೀಟಾಗಿ ಸುತ್ತಿ ನನ್ನ ಕೈಗೆ ಕೊಟ್ಟ.

ವರ್ಗಾವಣೆಯ ಮೊದಲು ಇನ್ನೂ ಕೆಲವು ಶನಿವಾರ ಇದ್ದವು. ಉಳಿದ ಪಾಠಗಳನ್ನು ಬಾಯಲ್ಲೇ ಹೇಳುತ್ತೇನೆ ಎಂದು ಡಾಕ್ಟ್ರು ಹಟ ಹಿಡಿದರು. ಅವನು ಪಕ್ಕದಲ್ಲಿ ಕೂರುತ್ತಿದ್ದ, ಮರ್ಯಾದೆಗೆ ಹೂಂ ಎನ್ನುತ್ತಿದ್ದ. ಕಡೆಯ ಶನಿವಾರ ತರೀಕೆರೆಯಲ್ಲಿ ಅವನು ಬರಲೇ ಇಲ್ಲ. ಬಸ್ಸಿನ ಹೊತ್ತು ಮೀರಿತು. ಡ್ರೈವರ್ರು ತಿರುಗಿ ನೋಡಿದರು, ಜನ ಗೊಣಗತೊಡಗಿದರು. "ಒಂಚೂರು ನಿಲ್ಸಿ ಅಕ್ಕ" ಎಂದರು ಡಾಕ್ಟ್ರು. ನಿಲ್ಲಿಸಿದೆ. ಎಷ್ಟು ಹೊತ್ತು ಅಂತ ನಿಲ್ಲಿಸಲಿ? ನನ್ನದೇ ಮಗ, ನನ್ನದೇ ಬಸ್ಸು, ಸೀಟಿ ಊದಬೇಕಾದವಳೂ ನಾನೇ. ಡಾಕ್ಟ್ರು ಬ್ಯಾಗು ತೆಗೆದುಕೊಂಡು ಇಳಿದುಬಿಟ್ಟರು. "ನೀವು ಹೋಗಿ, ನಾನು ಕಾಯ್ತೀನಿ" ಎಂದರು. ಬಸ್ಸು ಬಸ್‌ಸ್ಟ್ಯಾಂಡಿನಿಂದ ಹೊರಗೆ ತಿರುಗುವಾಗ ನೋಡಿದೆ, ಕಂಬದ ಪಕ್ಕ ನಿಂತು ಕಾಲೇಜಿನ ರಸ್ತೆಯ ಕಡೆ ನೋಡುತ್ತಿದ್ದರು. ಶಶಿ ಬೆಳಿಗ್ಗೆಯೇ ಇನ್ನೊಂದು ಬಸ್ಸಿನಲ್ಲಿ ವಾಪಸ್ಸು ಬಂದು ಮನೆಯಲ್ಲಿ ಮಲಗಿದ್ದ. ಮನೆಗೆ ಹೋದ ಮೇಲೆ ನನಗೆ ತಿಳಿಯಿತು. ಫೋನು ಮಾಡಿ ಹೇಳಿದೆ. ಅವರು ಇನ್ನೂ ಅಲ್ಲೇ ಇದ್ದರು.

ಭಾನುವಾರ ಬೆಳಿಗ್ಗೆ ಡಾಕ್ಟ್ರು ನಮ್ಮ ಮನೆಗೆ ಬಂದರು. ಶಶಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವರು ಚಾಪೆಯ ಮೇಲೆ ಅವನ ಪಕ್ಕ ಕೂತರು. ಪಾಠ ಹೇಳುತ್ತಾರೆ, ಬುದ್ಧಿ ಹೇಳುತ್ತಾರೆ ಅಂದುಕೊಂಡೆ. ಅವರು ಕೂತೇ ಇದ್ದರು. ನಾನು ಕೊಟ್ಟ ಕಾಫಿ ಆರಿ ಕೆನೆಕಟ್ಟಿತು. ಯಜಮಾನರು ಬಾಗಿಲಲ್ಲಿ ನಿಂತಿದ್ದರು, ವಯಸ್ಸು, ಸರಿಹೋಗ್ತಾನೆ ಅಂತ ಆವತ್ತು ಅವರ ಬಾಯಲ್ಲಿ ಬರಲಿಲ್ಲ. ಎದ್ದು ಹೊರಡುವಾಗ ಡಾಕ್ಟ್ರು ಅವನ ತಲೆಗೂದಲಲ್ಲಿ ಒಮ್ಮೆ ಕೈಯಾಡಿಸಿದರು. ಅವನು ತಿರುಗಲಿಲ್ಲ, ಕೈ ತಳ್ಳಲೂ ಇಲ್ಲ.

ಹೊರಗೆ ಬಂದು, "ಅಂಚು ದಾಟಿದಾನೆ ಅಕ್ಕ. ಇನ್ನು ಪಾಠದ ಕೆಲ್ಸ ಅಲ್ಲ. ಶಿವಮೊಗ್ಗದಲ್ಲಿ ನನಗೆ ಗೊತ್ತಿರೋ ಮನೋವೈದ್ಯರಿದಾರೆ, ನಾಳೇನೇ ಕರ್ಕೊಂಡ್ ಹೋಗಿ. ಒಬ್ನೇ ಇರೋಕೆ ಬಿಡ್ಬೇಡಿ. ವಾಸಿಯಾಗೋ ಕಾಯಿಲೆ ಇದು, ನಿಧಾನ ಆಗ್ಬೋದು" ಎಂದರು. ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ನಿಂತರು. "ಇದು ಬರ್ದಂಗೆ ತಡೀಬೋದಿತ್ತು ಗಿರಿಜಕ್ಕ. ಅದೊಂದೇ ನಂಗೆ ಬತ್ತಿದ್ದ ಕೆಲ್ಸ" ಎಂದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.

ಈಗ ಅವರು ಇರುವುದು ದೂರದ ಜಿಲ್ಲೆಯಲ್ಲಿ, ಸಿಗ್ನಲ್ ಸರಿಯಾಗಿ ಸಿಗದ ಕಡೆ. ಆದಾಗ ಫೋನು ಮಾಡುತ್ತಾರೆ. "ಅವ್ನು ಮಾತಾಡೋದ್ ಬೇಡ, ಫೋನ್ ಅವ್ನ ಕಿವಿ ಹತ್ರ ಇಡಿ ಸಾಕು" ಎನ್ನುತ್ತಾರೆ. ಇಡುತ್ತೇನೆ. ಅಲ್ಲಿನ ಮಕ್ಕಳಿಗೂ ಯಾರಾದರೂ ಉತ್ತರ ಹೇಳಿಕೊಡುತ್ತಿದ್ದಾರಾ ಎಂದು ಒಮ್ಮೆ ಕೇಳಿದೆ. ಗೊತ್ತಾಗ್ತಿಲ್ಲ ಅಕ್ಕ ಎಂದರು.

ನಾವು ತಿಂಗಳು ತಿಂಗಳು ಶಿವಮೊಗ್ಗಕ್ಕೆ ಹೋಗಿ ಬರುತ್ತೇವೆ. ಮಾತ್ರೆಯಿಂದ ಊಟ ಸ್ವಲ್ಪ ಸೇರುತ್ತಿದೆ. ಟೈಮ್ ಬೇಕು ಎನ್ನುತ್ತಾರೆ ಅಲ್ಲಿಯ ಡಾಕ್ಟ್ರು. ಕಾಲೇಜು ನಿಂತಿದೆ. ಜಬೀನ್ ಡಾಕ್ಟ್ರು ಹೋದ ಹೊಸದರಲ್ಲಿ, ನಾನು ಡ್ಯೂಟಿ ಮುಗಿಸಿ ಮನೆಗೆ ಬಂದ ಕೂಡಲೇ ಶಶಿ ಮಲಗಿದಲ್ಲಿಂದಲೇ, "ಇವತ್ತು ಮೇಡಂ ಹತ್ತಿದ್ರಾ?" ಎಂದು ಕೇಳುತ್ತಿದ್ದ. ಅವರು ಊರಲ್ಲಿಲ್ಲ ಅಂತ ಅವನಿಗೂ ಗೊತ್ತಿತ್ತು. ಆದರೂ ಕೇಳುತ್ತಿದ್ದ. ಇಲ್ಲ ಕಣೋ ಎನ್ನುವಾಗೆಲ್ಲ ಈ ಪ್ರಶ್ನೆ ಒಂದು ಕೇಳದಿದ್ದರೆ ಸಾಕಪ್ಪಾ ದೇವರೇ ಅನಿಸುತ್ತಿತ್ತು.

ಈಗ ಸಾಯಂಕಾಲ ಮನೆಗೆ ಬಂದು ಬಾಗಿಲಲ್ಲಿ ಬೇಕೆಂದೇ ತಡಮಾಡುತ್ತೇನೆ. ಬ್ಯಾಗು ಇಳಿಸುತ್ತೇನೆ, ನೀರು ಕುಡಿಯುತ್ತೇನೆ, ಅವನ ಕಡೆ ನೋಡುತ್ತಾ ನಿಲ್ಲುತ್ತೇನೆ. ಅವನು ಕೇಳುವುದಿಲ್ಲ.